ಆಮೆ ಕೋಣೆಗೆ ಯಾವ ಹಾಸು? ಪ್ಯಾಕೆಟ್‌ಗೆ ದುಡ್ಡು ಸುರಿಯೋ ಮೊದಲು ನಾರಿನ ಮಿಲ್ ಕಡೆ ಒಮ್ಮೆ ನೋಡಿ

ತಿಪಟೂರು: ನಗರದ ಮೊಬೈಲ್ ರಿಪೇರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಒಂದು ಆಮೆ ಇದೆ. ಹೆಸರು ಗುಂಡ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಿಂದ ತಂದಾಗ ಅಂಗೈ ಮೇಲೆ ಕೂರುತ್ತಿತ್ತು. ಈಗ ಊಟದ ತಟ್ಟೆಯಷ್ಟು ಅಗಲ, ಆರು ಕೆಜಿ ತೂಕ. ಗಾಜಿನ ತೊಟ್ಟಿಯಿಂದ ಪ್ಲಾಸ್ಟಿಕ್ ಟಬ್ಬಿಗೆ, ಟಬ್ಬಿನಿಂದ ಕೊನೆಗೆ ಹತ್ತಡಿ ಉದ್ದ, ಆರಡಿ ಅಗಲದ ಸ್ಟೋರ್ ರೂಮಿಗೇ ಬಂದಿದೆ. ಬ್ಯಾಟರಿ, ಡಿಸ್‌ಪ್ಲೇ ಇಟ್ಟಿದ್ದ ರ‍್ಯಾಕ್‌ಗಳೆಲ್ಲ ಅದಕ್ಕೆ ಜಾಗ ಬಿಟ್ಟು ಹೊರಗೆ ಬಂದಿವೆ.

ಮಾಲೀಕರ ತಲೆನೋವು ಆಮೆಯ ಮೇವಿನದ್ದಲ್ಲ. ಹುಲ್ಲು, ನುಗ್ಗೆ ಸೊಪ್ಪು, ದಾಸವಾಳದ ಎಲೆ ಊರಲ್ಲೇ ಸಿಗುತ್ತೆ. ತಲೆನೋವು ನೆಲದ್ದು. ಟೈಲ್ಸ್ ಮೇಲೆ ಬಿಟ್ಟರೆ ಕಾಲು ಜಾರುತ್ತೆ. ಮರಳು ಹಾಕಿದರು, ಸರಿಹೋಗಲಿಲ್ಲ. ಆಮೇಲೆ ಆನ್‌ಲೈನಿನಲ್ಲಿ ಪ್ರಾಣಿಗಳ ಸಾಮಾನು ಮಾರುವವರಿಂದ ಸಣ್ಣ ಸಣ್ಣ ಇಟ್ಟಿಗೆ ಪ್ಯಾಕೆಟ್ ತರಿಸಿದರು. ನೀರು ಹಾಕಿದರೆ ಉಬ್ಬಿ ಪುಡಿಯಾಗುವಂಥದ್ದು. ಅದನ್ನು ನೋಡಿದ ಪಕ್ಕದ ಅಂಗಡಿಯವರು ನಕ್ಕು ಹೇಳಿದ್ದಿಷ್ಟು: "ಇದು ನಮ್ಮ ನಾರಿನ ಮಿಲ್ ಮುಂದೆ ಗುಡ್ಡೆ ಬಿದ್ದಿರೋ ಪುಡೀನೇ ಕಣ್ರೀ. ಇದಕ್ಕೆ ಕೊರಿಯರ್ ಚಾರ್ಜ್ ಬೇರೆ ಕೊಟ್ಟಿದ್ದೀರಾ?"

ಅವರು ಹೇಳಿದ್ದು ನಿಜ. ಆದರೆ ಅರ್ಧ ನಿಜ. ಮಿಲ್ ಮುಂದಿನ ಪುಡಿಯನ್ನು ಹಾಗೇ ತಂದು ಸುರಿದರೆ ಆಗಲ್ಲ.

ಮೊದಲು ಇದು ಯಾವ ಆಮೆ ಅಂತ ನೋಡಿ

ಹಾಸಿನ ವಿಷಯಕ್ಕೆ ಹೋಗೋ ಮುಂಚೆ ಇದನ್ನು ಹೇಳಲೇಬೇಕು. ಯಾಕೆಂದರೆ ಇಲ್ಲಿ ತಪ್ಪಿದರೆ ಮುಂದಿನ ಯಾವ ಲೆಕ್ಕವೂ ಉಪಯೋಗಕ್ಕೆ ಬರಲ್ಲ.

ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿರುವ ಆಮೆ ನಮ್ಮದೇ ನೆಲದ ನಕ್ಷತ್ರ ಆಮೆ. ಅದನ್ನು ಮನೆಯಲ್ಲಾಗಲೀ ಅಂಗಡಿಯಲ್ಲಾಗಲೀ ಇಟ್ಟುಕೊಳ್ಳುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯ್ತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ನಕ್ಷತ್ರ ಆಮೆ ಈಗ ಮೊದಲನೇ ಷೆಡ್ಯೂಲಿನಲ್ಲಿದೆ. ಹುಲಿ, ಆನೆ ಇರೋ ಪಟ್ಟಿ ಅದು. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂ. ದಂಡ. ಅಂತರರಾಷ್ಟ್ರೀಯ ವ್ಯಾಪಾರ 2019ರಿಂದಲೇ ಪೂರ್ತಿ ಬಂದ್ ಆಗಿದೆ. ಗಲ್ಲಾಪೆಟ್ಟಿಗೆ ಪಕ್ಕ ಆಮೆ ಇದ್ದರೆ ವ್ಯಾಪಾರ ಕುದುರುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿ ತಂದಿಟ್ಟವರು ಇದನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೇದು. "ಹೊಲದಲ್ಲಿ ಸಿಕ್ತು, ಪಾಪ ಅಂತ ತಂದ್ವಿ" ಅನ್ನುವ ಮಾತು ಕೇಸಿನಲ್ಲಿ ನಿಲ್ಲಲ್ಲ. ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಪ್ಪಿಸುವುದೇ ದಾರಿ.

ಗುಂಡ ಆ ಜಾತಿಯಲ್ಲ. ಅದು ಸುಲ್ಕಾಟಾ, ಅಂದರೆ ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಆಮೆ. ಪೂರ್ತಿ ಒಂದೇ ಬಣ್ಣ, ಒಣಹುಲ್ಲಿನ ಥರದ್ದು. ಹಿಂಗಾಲಿನ ಬಳಿ ಮುಳ್ಳಿನಂಥ ಗಂಟುಗಳಿರುತ್ತವೆ. ಇಂಥ ಹೊರದೇಶದ ಆಮೆ ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂದಿದೆ. ಪ್ರಾಣಿ ಕೈ ಬದಲಾದರೂ, ಮರಿ ಮಾಡಿದರೂ, ಸತ್ತರೂ ವರದಿ ಮಾಡಬೇಕು. ಮಾರುವವರು "ಪೇಪರ್ ಏನೂ ಬೇಕಾಗಿಲ್ಲ ಸಾರ್" ಅಂದರೆ ಅಲ್ಲಿಂದ ವಾಪಸ್ ಬರುವುದೇ ಕ್ಷೇಮ.

ಇನ್ನೊಂದು ಮಾತು. ಭೂಖಂಡದ ನೆಲದ ಮೇಲೆ ಬದುಕುವ ಆಮೆಗಳಲ್ಲಿ ಸುಲ್ಕಾಟಾನೇ ದೊಡ್ಡದು. ಇದಕ್ಕಿಂತ ದೊಡ್ಡವು ಗಲಾಪಗೋಸ್, ಅಲ್ಡಾಬ್ರಾ ದ್ವೀಪಗಳಲ್ಲಿ ಮಾತ್ರ ಇವೆ. ಬೆಳೆದ ಗಂಡು 50 ಕೆಜಿ ಮುಟ್ಟುವುದು ಮಾಮೂಲು, ಅದಕ್ಕೂ ಮೀರಿ ಬೆಳೆಯುವುದುಂಟು. ಮಾರುವಾಗ ಇದನ್ನು ಯಾರೂ ಹೇಳಲ್ಲ. ಅಮೆರಿಕದ ಅರಿಜೋನಾದಲ್ಲಿ ಹೀಗೆ ಮರಿ ತಂದು, ದೊಡ್ಡದಾದ ಮೇಲೆ ಸಾಕಲಾರದೆ ಬಿಟ್ಟುಹೋದ ಸುಲ್ಕಾಟಾಗಳಿಂದ ಅಲ್ಲಿನ ಆಶ್ರಯ ಕೇಂದ್ರಗಳು ತುಂಬಿವೆ.

ಕೊಟ್ಟಿಗೆಗೆ ಹಾಸಿದ ಹಾಗಲ್ಲ

ಆಮೆ ಕೆಳಗೆ ಹಾಕುವುದನ್ನು ಅಂಗಡಿಯವರು ಸಬ್‌ಸ್ಟ್ರೇಟ್ ಅಂತಾರೆ. ಹಾಸು ಅಂದರೆ ಸಾಕು. ದನದ ಕೊಟ್ಟಿಗೆಗೆ ಸೊಪ್ಪು, ಹುಲ್ಲು ಹಾಸುವುದು ನಮಗೆ ಹೊಸದಲ್ಲ. ಆದರೆ ಕೊಟ್ಟಿಗೆಯ ಹಾಸು ಗಂಜಲ ಹೀರಿ ನೆಲ ಒಣಗಿಸೋಕೆ. ಆಮೆಯ ಹಾಸಿನ ಕೆಲಸ ಹೆಚ್ಚುಕಮ್ಮಿ ಇದರ ಉಲ್ಟಾ. ಅದು ತೇವ ಹಿಡಿದಿಟ್ಟುಕೊಳ್ಳಬೇಕು.

ಇಲ್ಲೇ ಎಲ್ಲರೂ ಎಡವುವುದು. ಮರುಭೂಮಿ ಆಮೆ, ಹಾಗಾಗಿ ಒಣ ಮರಳು ಹಾಕಿದರೆ ಸರಿ ಅಂದುಕೊಳ್ತಾರೆ. ಗುಂಡನ ಮಾಲೀಕರೂ ಮೊದಲ ಎರಡು ವರ್ಷ ಅದನ್ನೇ ಮಾಡಿದರು. ಆದರೆ ಸಹಾರಾ ಅಂಚಿನ ಸುಲ್ಕಾಟಾ ಬಿಸಿಲ ಹೊತ್ತಿನಲ್ಲಿ ಮರಳ ಮೇಲೆ ಇರುವುದೇ ಇಲ್ಲ. ನೆಲ ಕೊರೆದು ಹಲವು ಅಡಿ ಆಳದ ಬಿಲ ಮಾಡುತ್ತೆ. ಬಿಲದೊಳಗಿನ ಗಾಳಿ ಹೊರಗಿಗಿಂತ ತಂಪು, ತೇವ. ಮರಿಗಳು ಹೆಚ್ಚಿನ ಹೊತ್ತು ಅಲ್ಲೇ ಅಡಗಿರುತ್ತವೆ. ಅಂದರೆ ಊರು ಒಣ ಇರಬಹುದು, ಮನೆ ಒಣ ಅಲ್ಲ.

ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು ಇದೇ ಸುಲ್ಕಾಟಾ ಮರಿಗಳ ಮೇಲೆ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಚಿಪ್ಪು ನುಣ್ಣಗೆ ಗುಮ್ಮಟದ ಹಾಗೆ ಬೆಳೆಯದೆ, ಪ್ರತಿ ತುಂಡೂ ಬೇರೆ ಬೇರೆ ಗುಡ್ಡದ ಹಾಗೆ ಎದ್ದು ನಿಲ್ಲುವುದಕ್ಕೆ ಕಾರಣ ಏನು ಅಂತ ನೋಡಿದರು. ಅಲ್ಲಿವರೆಗೂ ಹೆಚ್ಚಿನವರು ಮೇವಿನಲ್ಲಿ ಪ್ರೋಟೀನ್ ಜಾಸ್ತಿಯಾಗಿ ಹೀಗಾಗುತ್ತೆ ಅಂತ ಹೇಳ್ತಿದ್ದರು. ಅಧ್ಯಯನದಲ್ಲಿ ಪ್ರೋಟೀನಿನ ಪಾಲು ಕಮ್ಮಿ, ಗಾಳಿಯ ತೇವಾಂಶದ ಪಾಲೇ ದೊಡ್ಡದು ಅಂತ ಗೊತ್ತಾಯ್ತು. ಒಣ ಜಾಗದಲ್ಲಿ ಬೆಳೆದ ಮರಿಗಳ ಚಿಪ್ಪು ಹೆಚ್ಚು ಗುಡ್ಡೆಯಾಗಿತ್ತು.

ಗುಂಡನ ಬೆನ್ನು ನೋಡಿದರೆ ಇದು ಬೇರೆ ಹೇಳಬೇಕಿಲ್ಲ. ನಡುಬೆನ್ನಿನ ಮೇಲೆ ಐದು ಗುಡ್ಡ. ಬೆಲ್ಲದ ಅಚ್ಚು ಬೋರಲು ಹಾಕಿದ ಹಾಗೆ. ಒಮ್ಮೆ ಎದ್ದ ಗುಡ್ಡ ಮತ್ತೆ ಕೂರಲ್ಲ. ಹೊಸದಾಗಿ ಬೆಳೆಯುವ ಅಂಚನ್ನು ಮಾತ್ರ ಸರಿ ಮಾಡಬಹುದು. ಮರಿ ಚಿಕ್ಕದಿದ್ದಾಗ ಹಾಸಿನ ಬಗ್ಗೆ ಯೋಚನೆ ಮಾಡಬೇಕು ಅನ್ನೋದು ಇದಕ್ಕೇ.

ತಾಲ್ಲೂಕಿನಲ್ಲಿ ಏನೇನು ಸಿಗುತ್ತೆ

ದೊಡ್ಡ ಕೋಣೆಗೆ ಹಾಸು ಅಂದಾಗ ಜನ ಮೊದಲು ಯೋಚಿಸುವುದು ಪುಕ್ಕಟೆ ಸಿಗುವ ಮಾಲು. ಒಂದೊಂದಾಗಿ ನೋಡೋಣ.

ಸಾಮಿಲ್‌ನ ಮರದ ಹೊಟ್ಟು ಬೇಡ. ಧೂಳು ಮೂಗು, ಕಣ್ಣಿಗೆ ಹೋಗುತ್ತೆ. ಯಾವ ಮರದ್ದು ಅಂತ ಮಿಲ್‌ನವರಿಗೂ ಗೊತ್ತಿರಲ್ಲ. ಪೈನ್‌ನಂಥ ರಾಳದ ಮರಗಳ ಘಾಟು ಉಸಿರಿಗೆ ಕೆಟ್ಟದ್ದು. ಪ್ಲೈವುಡ್, ಎಂಡಿಎಫ್ ಕೊಯ್ದ ಹೊಟ್ಟಿನಲ್ಲಿ ಅಂಟಿನ ರಾಸಾಯನಿಕ ಸೇರಿರುತ್ತೆ. ಕಾರ್ಪೆಂಟರ್ ಶೆಡ್‌ನಲ್ಲಿ ಗುಡಿಸಿಟ್ಟ ಹೊಟ್ಟು ಬಹುಪಾಲು ಅದೇ.

ಭತ್ತದ ಹೊಟ್ಟು ಕೋಳಿ ಶೆಡ್‌ಗೆ ಹೇಳಿ ಮಾಡಿಸಿದ್ದು. ನೀರು ಹಿಡಿಯಲ್ಲ, ಬೇಗ ಒಣಗುತ್ತೆ ಅಂತಲೇ ಕೋಳಿಯವರು ಅದನ್ನು ಹಾಕ್ತಾರೆ. ಅದೇ ಗುಣ ಆಮೆಗೆ ದೋಷ. ಮೇಲಾಗಿ ಅದರ ಅಂಚು ಚೂಪು. ಕಡಲೆಕಾಯಿ ಸಿಪ್ಪೆಗೆ ತೇವ ತಾಗಿದರೆ ಬೂಷ್ಟು ಹಿಡಿಯುತ್ತೆ, ಆ ಬೂಷ್ಟು ಶ್ವಾಸಕೋಶಕ್ಕೆ ಅಪಾಯ. ಅಡಿಕೆ ಸಿಪ್ಪೆ ಮಲೆನಾಡಿನ ಕಡೆಯಿಂದ ಬಂದಿದ್ದರೆ ಕೊಳೆರೋಗಕ್ಕೆ ಹೊಡೆದ ಮೈಲುತುತ್ತದ ಬೋರ್ಡೋ ದ್ರಾವಣ ಅದರಲ್ಲಿ ಉಳಿದಿರಬಹುದು.

ಪೇಪರ್ ಹಾಸಬಹುದು. ಆದರೆ ಹೊಸದಾಗಿ ತಂದ ಆಮೆಯನ್ನು ಒಂದು ತಿಂಗಳು ಪ್ರತ್ಯೇಕ ಇಟ್ಟು ಸಗಣಿ ಗಮನಿಸುವಾಗ ಮಾತ್ರ. ವರ್ಷಗಟ್ಟಲೆ ಅದರ ಮೇಲೆ ಇಟ್ಟರೆ ಕಾಲಿಗೆ ಹಿಡಿತ ಸಿಗಲ್ಲ. ಅಗೆಯೋ ಪ್ರಾಣಿಗೆ ಅಗೆಯೋಕೆ ಏನೂ ಇಲ್ಲ ಅಂದರೆ ಮೂಲೆ ಮೂಲೆ ಗೋಡೆ ಕೆರೆಯುತ್ತಾ ನಿಲ್ಲುತ್ತೆ.

ಮರಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ಮರಳಿನ ಮೇಲೆ ಸೊಪ್ಪು ಹಾಕಿದರೆ ಸೊಪ್ಪಿನ ಜೊತೆ ಮರಳೂ ಹೊಟ್ಟೆಗೆ ಹೋಗುತ್ತೆ. ಕರುಳಲ್ಲಿ ಕೂತು ಕಟ್ಟಿಕೊಂಡರೆ ಆಮೆ ಮೇವು ಬಿಡುತ್ತೆ. ಹೊರಗಿಂದ ನೋಡಿದರೆ ಏನೂ ತಿಳಿಯಲ್ಲ, ಎಕ್ಸ್‌ರೇ ತೆಗೆಸಬೇಕು. ನಮ್ಮ ತಾಲ್ಲೂಕುಗಳ ಪಶು ಆಸ್ಪತ್ರೆಗಳು ದನ, ಕುರಿಗೆ ಇರೋವು. ಆಮೆಗೆ ಅಂತ ನುರಿತ ಡಾಕ್ಟರ್ ಬೇಕಾದರೆ ಬೆಂಗಳೂರಿನ ದಾರಿ ಹಿಡಿಯಬೇಕು. ಈಗ ಸಿಗುವ ಎಂ-ಸ್ಯಾಂಡ್ ಅಂತೂ ಕಲ್ಲು ಒಡೆದು ಮಾಡಿದ್ದು, ಮೊನಚು ಹೋಗಿರಲ್ಲ. ಮಣ್ಣಿನ ಜೊತೆ ಸ್ವಲ್ಪ ಹೊಳೆ ಮರಳು ಬೆರೆತರೆ ತೊಂದರೆ ಇಲ್ಲ. ಬರೀ ಮರಳು ಮಾತ್ರ ಬೇಡ.

ಎರೆಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಕೆರೆ ಗೋಡೂ ಹಾಗೇ. ಉಳಿದದ್ದು ಕೆಂಪು ಮಣ್ಣು ಮತ್ತು ನಾರಿನ ಪುಡಿ. ಇವೆರಡೂ ಸೇರಿದರೆ ಕೆಲಸ ಆಗುತ್ತೆ.

ನಾರಿನ ಪುಡಿಯ ಒಳ್ಳೇದು, ಕೆಟ್ಟದ್ದು

ತೆಂಗಿನ ಮಟ್ಟೆ ಬಡಿದು ನಾರು ತೆಗೆದಾಗ ಉದುರುವ ಕಂದು ಪುಡಿಯೇ ಇದು. ಒಂದು ಮಟ್ಟೆಯ ತೂಕದಲ್ಲಿ ನಾರು ಸುಮಾರು ಮೂರನೇ ಒಂದು ಪಾಲು, ಉಳಿದದ್ದೆಲ್ಲ ಹೆಚ್ಚುಕಮ್ಮಿ ಪುಡಿಯೇ. ಕೊಬ್ಬರಿ ಊರಾದ ತಿಪಟೂರು, ತುರುವೇಕೆರೆ, ಅರಸೀಕೆರೆ ಸುತ್ತ ನಾರಿನ ಮಿಲ್‌ಗಳ ಮುಂದೆ ಇದರ ಗುಡ್ಡೆ ನೋಡದವರಿಲ್ಲ. ಇದೇ ಪುಡಿಯನ್ನು ತೊಳೆದು, ಒಣಗಿಸಿ, ಒತ್ತಿ ಇಟ್ಟಿಗೆ ಮಾಡಿದರೆ ಅದು ಕೋಕೋಪೀಟ್. ನರ್ಸರಿಯವರು ತಗೊಂಡರೆ ಒಂದು ರೇಟು. ಅದರ ಮೇಲೆ ಹಲ್ಲಿಯದೋ ಆಮೆಯದೋ ಚಿತ್ರ ಅಂಟಿಸಿದರೆ ಇನ್ನೊಂದು ರೇಟು. ಒಳಗಿನ ಮಾಲು ಒಂದೇ.

ಗುಣ ಏನು ಅಂದರೆ, ತನ್ನ ತೂಕದ ಎಂಟು ಪಟ್ಟಿನವರೆಗೆ ನೀರು ಹಿಡಿಯುತ್ತೆ, ಆದರೂ ರಾಡಿ ಆಗಲ್ಲ. ಮರದ ಹೊಟ್ಟಿನಷ್ಟು ಬೇಗ ಕೊಳೆಯಲ್ಲ. ಮೆತ್ತಗಿರುತ್ತೆ, ಆಮೆ ಸಲೀಸಾಗಿ ಅಗೆಯಬಹುದು.

ಕೆಟ್ಟದ್ದೂ ಇದೆ. ಒಂದು, ಉಪ್ಪು. ಮಟ್ಟೆಯಲ್ಲೇ ಪೊಟ್ಯಾಷಿಯಂ, ಕ್ಲೋರೈಡ್ ಲವಣಗಳಿರುತ್ತವೆ, ತೊಳೆಯದ ಪುಡಿಯಲ್ಲಿ ಅವು ಹಾಗೇ ಉಳಿದಿರುತ್ತವೆ. ಸಸಿಯ ಬೇರು ಸುಡುತ್ತೆ ಅಂತ ನರ್ಸರಿಯವರು ತೊಳೆದ ಪುಡಿಯನ್ನೇ ಕೇಳಿ ತಗೋತಾರೆ. ಹೊಟ್ಟೆಗೂ, ಚರ್ಮಕ್ಕೂ ತಾಗುವ ಆಮೆಗೆ ತೊಳೆಯದೇ ಹಾಕುವುದು ಸರಿಯಲ್ಲ. ಎರಡು, ಪುಡಿಯಲ್ಲಿ ಬೆರೆತಿರುವ ಉದ್ದ ನಾರು. ಕಾಲಿಗೆ ಸುತ್ತಿಕೊಂಡರೆ ಬಿಗಿಯುತ್ತೆ, ನುಂಗಿದರೆ ಕರುಳಿಗೆ ಕಷ್ಟ. ಮೂರು, ಬರೀ ಪುಡಿ ಹಾಕಿದರೆ ಹೀಟ್ ಲ್ಯಾಂಪಿನ ಕೆಳಗೆ ಒಣಗಿ ಧೂಳು ಏಳುತ್ತೆ. ಆಮೆಯ ಕಣ್ಣು ಊದಿದ್ದು ಕಂಡು ಗಾಬರಿಯಾಗುವ ಮೊದಲು ಹಾಸನ್ನು ಕೈಯಲ್ಲಿ ಉಜ್ಜಿ ನೋಡಿ. ಎಷ್ಟೋ ಸಲ ಕಾರಣ ಅಲ್ಲೇ ಇರುತ್ತೆ.

ರಸ್ತೆ ಬದಿಯ ಹಳೇ ಗುಡ್ಡೆಗೆ ಕೈ ಹಾಕುವವರಿಗೆ ಒಂದು ಎಚ್ಚರಿಕೆ ಬೇರೆ ಬೇಕು. ಗಾಜಿನ ಚೂರು, ತಂತಿ, ಗುಟ್ಕಾ ಪೌಚ್ ಎಲ್ಲ ಅದರೊಳಗೆ ಇರುತ್ತೆ. ಚೇಳೂ ಇರುತ್ತೆ. ಮಿಲ್‌ನವರನ್ನು ಕೇಳಿ ಅದೇ ವಾರ ಬಿದ್ದ ಪುಡಿಯನ್ನು ಚೀಲಕ್ಕೆ ತುಂಬಿಸಿಕೊಳ್ಳುವುದು ವಾಸಿ.

ಲೆಕ್ಕ ಹಾಕಿದರೆ ಎಷ್ಟು?

ಗುಂಡನ ಕೋಣೆ 10 ಅಡಿ x 6 ಅಡಿ. ಅಗೆಯೋ ಆಮೆಗೆ ಕನಿಷ್ಠ ಅರ್ಧ ಅಡಿ ಆಳ ಬೇಕು. ಒಟ್ಟು 30 ಘನ ಅಡಿ ಆಯ್ತು. ಲೀಟರ್ ಲೆಕ್ಕದಲ್ಲಿ ಸುಮಾರು 850.

650 ಗ್ರಾಂನ ಸಣ್ಣ ಇಟ್ಟಿಗೆ ನೀರಲ್ಲಿ ಉಬ್ಬಿದರೆ ಎಂಟೊಂಬತ್ತು ಲೀಟರ್ ಆಗುತ್ತೆ. ಅಂದರೆ ಕೋಣೆ ತುಂಬಲು ನೂರು ಇಟ್ಟಿಗೆ ಬೇಕು. ಒಂದಕ್ಕೆ 120 ರೂ. ಅಂತ ಹಿಡಿದರೂ 12,000 ರೂ. ನರ್ಸರಿಯಲ್ಲಿ ಸಿಗುವ 5 ಕೆಜಿ ದಿಂಡು ಉಬ್ಬಿದರೆ 70 ಲೀಟರ್ ದಾಟುತ್ತೆ. ಹನ್ನೆರಡು ದಿಂಡು ಸಾಕು. ಒಂದಕ್ಕೆ 250 ರೂ. ಅಂದುಕೊಂಡರೆ 3,000 ರೂ. ಈ ದರಗಳು ಲೆಕ್ಕ ತಿಳಿಯಲಿ ಅಂತ ಹಿಡಿದದ್ದು, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತವೆ. ಆದರೆ ಸಣ್ಣ ಪ್ಯಾಕೆಟ್‌ಗೂ ದೊಡ್ಡ ದಿಂಡಿಗೂ ಇರೋ ಅಂತರ ಎಲ್ಲಿ ಹೋದರೂ ಇದ್ದೇ ಇರುತ್ತೆ.

ಬರೀ ಪುಡಿ ಬೇಡ ಅಂತ ಮೇಲೆ ಹೇಳಿದ್ದಾಯ್ತು. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಪುಡಿ ಬೆರೆಸಿದರೆ ದಿಂಡು ನಾಲ್ಕಕ್ಕೆ ಇಳಿಯುತ್ತೆ. ಅಲ್ಲಿಗೆ 1,000 ರೂಪಾಯಿ. ಮಿಲ್‌ನಿಂದ ಬಿಡಿ ಪುಡಿ ತಂದರೆ ಅದೂ ಉಳಿಯುತ್ತೆ, ಆಟೋ ಬಾಡಿಗೆ ಮತ್ತು ತೊಳೆಯೋ ಕಷ್ಟ ಮಾತ್ರ. ಖಾಲಿ ಸಿಮೆಂಟ್ ಚೀಲದ ಲೆಕ್ಕದಲ್ಲಿ ಹೇಳುವುದಾದರೆ ಮಣ್ಣು ಹದಿನಾರು ಚೀಲ, ಪುಡಿ ಎಂಟು ಚೀಲ. ಬೆರೆಸಿದಾಗ ಸ್ವಲ್ಪ ಕುಗ್ಗುತ್ತೆ, ಹಾಗಾಗಿ ಎರಡು ಚೀಲ ಹೆಚ್ಚಿಗೆ ಇಟ್ಟುಕೊಳ್ಳಿ.

ಮಣ್ಣು ಎಲ್ಲಿಂದ ತರಬೇಕು? ತೋಟದ ಮೇಲ್ಮಣ್ಣು ಬೇಡ. ಯೂರಿಯಾ, ಕಳೆನಾಶಕ ಬಿದ್ದಿರುತ್ತೆ. ಮನೆ ಕಟ್ಟುವವರು ಪಾಯ ತೆಗೆದಾಗ ಎರಡು ಮೂರು ಅಡಿ ಕೆಳಗಿಂದ ಬರುತ್ತಲ್ಲ, ಆ ಕೆಂಪು ಮಣ್ಣು ಇದಕ್ಕೆ ಚೆನ್ನಾಗಿ ಒದಗುತ್ತೆ. ಔಷಧಿ ಸೋಕಿರಲ್ಲ, ಕೇಳಿದರೆ ಪುಕ್ಕಟೆ ಕೊಡ್ತಾರೆ, ಕೆಲವರು "ತಗೊಂಡು ಹೋಗಿ, ಪುಣ್ಯ ಬರುತ್ತೆ" ಅಂತಾರೆ. ಆದರೆ ಸಿಮೆಂಟ್ ಕೆಲಸ ಶುರುವಾಗೋ ಮೊದಲೇ ತರಬೇಕು. ಮೊಳೆ, ಕಟ್ಟುವ ತಂತಿ, ಸುಣ್ಣ ಸೇರಿದ ಮೇಲೆ ಅದು ಕೆಲಸಕ್ಕೆ ಬರಲ್ಲ.

ತೂಕ ಮರೆಯಬೇಡಿ. ಈ ಹಾಸು ತೇವ ಆದ ಮೇಲೆ ಒಟ್ಟು 900 ಕೆಜಿ ಹತ್ತಿರ ತೂಗುತ್ತೆ. ನೆಲಮಹಡಿಯಲ್ಲಾದರೆ ಚಿಂತೆ ಇಲ್ಲ. ಮೇಲಿನ ಮಹಡಿಯಲ್ಲಿ ಆಮೆ ಕೋಣೆ ಮಾಡೋರು ಒಬ್ಬ ಎಂಜಿನಿಯರನ್ನು ಕೇಳದೆ ಒಂದು ಬುಟ್ಟಿ ಮಣ್ಣನ್ನೂ ಸುರಿಯಬಾರದು. ಅಂಗಡಿಯೊಳಗಿನ ಅಟ್ಟದ ಮೇಲಂತೂ ಸುತರಾಂ ಬೇಡ. ಗೋಡೆ ಬುಡಕ್ಕೆ ತೇವ ಹತ್ತದಂತೆ ಮೊದಲು ದಪ್ಪ ಟಾರ್ಪಾಲು ಹಾಸಿ, ಅಂಚನ್ನು ಒಂದಡಿ ಮೇಲಕ್ಕೆ ಮಡಿಸಿ, ಒಳಗೆ ಹಲಗೆ ಅಥವಾ ಸಿಮೆಂಟ್ ಇಟ್ಟಿಗೆ ಒರಗಿಸಬೇಕು. ಇಲ್ಲದಿದ್ದರೆ ಆಮೆ ಟಾರ್ಪಾಲನ್ನೇ ಕೆರೆದು ಹರಿಯುತ್ತೆ, ಚೂರನ್ನು ತಿನ್ನುತ್ತೆ ಕೂಡ.

ಹದ ಮಾಡೋದು

ಗುಂಡನ ಮಾಲೀಕರು ಕಳೆದ ಬೇಸಿಗೆಯಲ್ಲಿ ಮಾಡಿದ್ದು ಹೀಗೆ. ಮಿಲ್ ಪುಡಿಯನ್ನು ಮೊದಲು ಮರಳು ಜರಡಿಯಲ್ಲಿ ಸಾರಿಸಿದರು. ಅರ್ಧ ಚೀಲದಷ್ಟು ನಾರು ಬೇರೆ ಬಂತು. ಆಮೇಲೆ ನೀಲಿ ಡ್ರಮ್ಮಿನಲ್ಲಿ ನೀರು ತುಂಬಿ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಬಸಿದರು. ಮೊದಲ ನೀರು ಕಡು ಟೀ ಬಣ್ಣ. ಮೂರು ಸಲ ಹೀಗೆ ಮಾಡಿದ ಮೇಲೆ ಬಣ್ಣ ತಿಳಿಯಾಯ್ತು. "ಬೋರ್‌ವೆಲ್ ನೀರು ಗಡಸು, ಅದಕ್ಕೆ ಕೊನೇ ಸಲ ಮಾತ್ರ ಮಳೆ ನೀರು ಹಾಕ್ದೆ" ಅಂತಾರೆ ಅವರು. ಎಲ್ಲರಿಗೂ ಅಷ್ಟು ಮಾಡಲಾಗದು, ಮಾಡಿದರೆ ನಷ್ಟವೇನಿಲ್ಲ.

ಮಣ್ಣನ್ನು ಜರಡಿ ಹಿಡಿದು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಏಪ್ರಿಲ್ ಬಿಸಿಲಿಗೆ ಒಂದು ವಾರ ಬಿಟ್ಟರು. ಹುಳ, ಮೊಟ್ಟೆ, ಇರುವೆಯ ಬಹುಪಾಲು ಕಾಟ ಇದರಲ್ಲೇ ಹೋಗುತ್ತೆ. ಆಮೇಲೆ ಎರಡನ್ನೂ ಗುದ್ದಲಿಯಲ್ಲಿ ಕಲಸಿದರು, ಗಾರೆ ಕಲಸಿದ ಹಾಗೆ.

ಹದ ನೋಡೋಕೆ ಮೀಟರ್ ಬೇಡ. ಒಂದು ಹಿಡಿ ತಗೊಂಡು ಹಿಂಡಿ. ಉಂಡೆ ಕಟ್ಟಬೇಕು, ನೀರು ಹನಿಯಬಾರದು, ಬೆರಳಲ್ಲಿ ತಟ್ಟಿದರೆ ಉದುರಬೇಕು. ನೀರು ಹನಿದರೆ ಇನ್ನೂ ಎರಡು ದಿನ ಗಾಳಿಗೆ ಬಿಡಿ.

ಕೋಣೆಗೆ ಹಾಕಿದ ಮೇಲೆ ನೀರು ಚಿಮುಕಿಸುವ ರೀತಿಯಲ್ಲಿ ಒಂದು ಸೂಕ್ಷ್ಮ ಇದೆ. ಮೇಲಿಂದ ಪೈಪ್ ಹಿಡಿದು ಒದ್ದೆ ಮಾಡಬಾರದು. ಮೇಲ್ಪದರ ಸದಾ ಒದ್ದೆ ಇದ್ದರೆ ಹೊಟ್ಟೆ ಭಾಗದ ಚಿಪ್ಪು ಕೊಳೆಯೋಕೆ ಶುರುವಾಗುತ್ತೆ. ನಾಲ್ಕು ಮೂಲೆಯಲ್ಲಿ ಚೊಂಬಿನಿಂದ ನೀರು ಬಿಡಿ, ಅದು ಕೆಳಗಿಳಿದು ತಳದಲ್ಲಿ ಹರಡುತ್ತೆ. ತಳ ತೇವ, ಮೇಲೆ ಹೆಚ್ಚುಕಮ್ಮಿ ಒಣ. ಲ್ಯಾಂಪಿನ ಬಿಸಿಗೆ ತಳದ ತೇವ ನಿಧಾನಕ್ಕೆ ಮೇಲೇಳುತ್ತಾ ಕೋಣೆಯ ಗಾಳಿ ಹದವಾಗಿರುತ್ತೆ. ಫೆಬ್ರವರಿಯಿಂದ ಮೇ ತನಕ ನಮ್ಮ ಕಡೆಯ ಒಣ ಗಾಳಿಗೆ ವಾರಕ್ಕೆ ಎರಡು ಸಲ ನೀರು ಬೇಕಾಗಬಹುದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬೇಡ.

ತೇವಕ್ಕೆ ಚಳಿ ಸೇರಿದರೆ ಮಾತ್ರ ಕೆಟ್ಟದ್ದು. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಕೋಣೆ 20 ಡಿಗ್ರಿಗಿಂತ ಕೆಳಗೆ ಹೋದರೆ, ಹಾಸೂ ಒದ್ದೆ ಇದ್ದರೆ, ಆಮೆಗೆ ನೆಗಡಿ ಹಿಡಿದು ನ್ಯುಮೋನಿಯಾಕ್ಕೆ ತಿರುಗುತ್ತೆ. ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಡುವುದು ಇದರ ಲಕ್ಷಣ. ಒಂದು ಮೂಲೆಯಲ್ಲಿ ಮೈ ಕಾಯಿಸಿಕೊಳ್ಳೋಕೆ 35 ಡಿಗ್ರಿ ಆಸುಪಾಸಿನ ಬಿಸಿ ಜಾಗ ಇರಲೇಬೇಕು. ರಾತ್ರಿ ಕರೆಂಟ್ ಹೋಗುವ ಕಡೆ ಚಳಿಗಾಲದಲ್ಲಿ ಹಾಸನ್ನು ಒಣಗಲಿಕ್ಕೆ ಬಿಟ್ಟು, ತೇವವನ್ನು ಒಂದೇ ಗೂಡಿಗೆ ಸೀಮಿತ ಮಾಡಿದರೆ ಸಾಕು. ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿ, ಒಳಗೆ ಮಾತ್ರ ಪುಡಿ ಜಾಸ್ತಿ ಹಾಕಿ ತೇವ ಇಟ್ಟರೆ ಅದೇ ಬಿಲ. ಗುಂಡ ರಾತ್ರಿ ಎಂಟಾದರೆ ತಾನೇ ಅದರೊಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಂತೆ.

ಮೇವನ್ನು ಹಾಸಿನ ಮೇಲೆ ಹಾಕಬೇಡಿ. ಒಂದು ಚದರಡಿ ಕಡಪ ಕಲ್ಲಿನ ತುಂಡು ಇಟ್ಟು ಅದರ ಮೇಲೆ ಹಾಕಿ. ಮಣ್ಣು ಹೊಟ್ಟೆಗೆ ಹೋಗಲ್ಲ, ಕಲ್ಲಿನ ಮೇಲೆ ನಡೆದು ಉಗುರೂ ಸವೆಯುತ್ತೆ. ಗ್ರಾನೈಟ್ ಅಂಗಡಿಯಲ್ಲಿ ಒಡೆದ ತುಂಡು ಕೇಳಿದರೆ ಸಿಗುತ್ತೆ. ಪಾಲಿಶ್ ಮಾಡಿದ್ದು ಬೇಡ.

ಇರುವೆ ಬಂತು ಅಂತ ಇರುವೆ ಪುಡಿ, ಫಿನಾಯಿಲ್, ಬ್ಲೀಚಿಂಗ್ ಹಾಕುವವರಿದ್ದಾರೆ. ನೆಲಕ್ಕೆ ಮೂಗು ತಾಗಿಸಿಕೊಂಡೇ ಬದುಕುವ ಪ್ರಾಣಿ ಅದು. ಉಳಿದ ಮೇವನ್ನು ಸಂಜೆಯೇ ತೆಗೆದರೆ ಅರ್ಧ ಇರುವೆ ಬರಲ್ಲ. ಇರುವೆ ಸಾಲು ಎಲ್ಲಿಂದ ಬರುತ್ತೆ ಅಂತ ನೋಡಿ ಗೋಡೆಯ ಬಿರುಕು ಮುಚ್ಚಿದರೆ ಉಳಿದರ್ಧವೂ ನಿಲ್ಲುತ್ತೆ.

ಸಗಣಿ, ಮತ್ತು ಆಮೆ ಮೂತ್ರದ ಜೊತೆ ಬರುವ ಬಿಳಿ ಪೇಸ್ಟಿನಂಥದ್ದನ್ನು ದಿನವೂ ಒಂದು ಕರಣೆಯಲ್ಲಿ ಎತ್ತಬೇಕು. ವಾರಕ್ಕೊಮ್ಮೆ ಹಾಸನ್ನು ಕೈಯಾಡಿಸಿ ತಿರುವಬೇಕು. ಬಿಳಿ ಬೂಷ್ಟು ಕಂಡ ಕಡೆ ಆ ಮಣ್ಣು ತೆಗೆದು ಹೊಸದು ಹಾಕಿ. ಹೀಗೆ ನೋಡಿಕೊಂಡರೆ ಪೂರ್ತಿ ಬದಲಿಸುವುದು ಆರು ತಿಂಗಳಿಗೊಮ್ಮೆ ಸಾಕು. ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಆರೋಗ್ಯವಾಗಿ ಕಾಣುವ ಆಮೆಯ ಸಗಣಿಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮನುಷ್ಯರಿಗೆ ವಾಂತಿ, ಭೇದಿ ತರಿಸುತ್ತೆ. ಐದು ವರ್ಷದೊಳಗಿನ ಮಕ್ಕಳನ್ನು ಈ ಮಣ್ಣಲ್ಲಿ ಆಡಲು ಬಿಡಬಾರದು. ಅಂಗಡಿಯಲ್ಲಿ ತಿನ್ನೋ ಸಾಮಾನು ಮಾರುವವರಂತೂ ಆಮೆ ಕೋಣೆಗೆ ಬೇರೆ ಬಾಗಿಲು, ಬೇರೆ ಬಕೆಟ್ಟು ಇಟ್ಟುಕೊಳ್ಳಬೇಕು.

ಹಾಸು ಎಷ್ಟೇ ಚೆನ್ನಾಗಿದ್ದರೂ ಬಿಸಿಲಿಗೆ ಅದು ಬದಲಿ ಅಲ್ಲ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲಲ್ಲಿ ಚಿಪ್ಪು ಗಟ್ಟಿಯಾಗಲು ಬೇಕಾದ ಅಂಶ ಸಿಗಲ್ಲ. ಬೆಳಗ್ಗೆ ಒಂದು ಗಂಟೆ ಹಿತ್ತಲಿಗೆ ಬಿಟ್ಟರೆ ದುಬಾರಿ ಯುವಿ ಲ್ಯಾಂಪಿನ ಖರ್ಚೂ ಕಮ್ಮಿಯಾಗುತ್ತೆ. ಪಕ್ಕದಲ್ಲಿ ನೆರಳು ಇರಬೇಕು, ನಾಯಿ ಇರಬಾರದು.

ಗುಂಡನ ಕೋಣೆಗೆ ಹೊಸ ಹಾಸು ಬಿದ್ದು ಎಂಟು ತಿಂಗಳಾಯ್ತು. ಬೆನ್ನಿನ ಐದು ಗುಡ್ಡ ಹಾಗೇ ಇವೆ, ಅವುಗಳ ಬುಡದ ಸುತ್ತ ಬೆರಳಗಲದ ಹೊಸ ಬೆಳವಣಿಗೆ ಮಾತ್ರ ಸಪಾಟಾಗಿ ಬಂದಿದೆ. ಮೊದಲ ಬಾರಿ ತೆಗೆದ ಹಳೇ ಹಾಸು ಇಪ್ಪತ್ತೆರಡು ಚೀಲ ಆಗಿತ್ತಂತೆ. ಎಲ್ಲಿ ಹಾಕೋದು ಅಂತ ಯೋಚಿಸುತ್ತಿದ್ದಾಗ ನಾರಿನ ಮಿಲ್‌ನವರೇ ಆಟೋ ಕಳಿಸಿ ತರಿಸಿಕೊಂಡು, ತಮ್ಮ ತೋಟದ ತೆಂಗಿನ ಸಸಿಗಳ ಗುಂಡಿಗೆ ತುಂಬಿಸಿದ್ದಾರೆ. ಮಾಲೀಕರ ಈಗಿನ ಚಿಂತೆ ಬೇರೆ: ಇನ್ನೆರಡು ವರ್ಷಕ್ಕೆ ಆ ಕೋಣೆಯೂ ಸಾಲಲ್ಲ.